ಮೊದಲು ಇನಿಂಗ್ಸ್ ಎಣಿಸಿ, ಆಮೇಲೆ ಹೆಸರು ಬರೆಯಿರಿ

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡ ಕಟ್ಟುವ ಜನರಲ್ ಮ್ಯಾನೇಜರ್ ಚಳಿಗಾಲದಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಆಟಗಾರರ ಹೆಸರಲ್ಲ, 1,450 ಎಂಬ ಸಂಖ್ಯೆ. ಎದುರಾಳಿಯ ಮೂವರು ಔಟಾದರೆ ಒಂದು ಇನಿಂಗ್ಸ್. ಪಂದ್ಯಕ್ಕೆ ಒಂಬತ್ತು, ಸೀಸನ್‌ಗೆ 162 ಪಂದ್ಯ. ಹೆಚ್ಚುಕಡಿಮೆ ಅಷ್ಟು ಇನಿಂಗ್ಸ್ ಯಾರಾದರೂ ಚೆಂಡು ಎಸೆಯಲೇಬೇಕು.

ಪಂದ್ಯ ಆರಂಭಿಸುವ ಪಿಚರ್‌ಗಳು, ಅಂದರೆ ಐವರು ಸ್ಟಾರ್ಟರ್‌ಗಳು, ತಲಾ 150 ಎಸೆದರೆ 750. ಅವರ ನಂತರ ಬರುವ ಎಂಟು ರಿಲೀವರ್‌ಗಳು ತಲಾ 60 ಎಸೆದರೆ 480. ಒಟ್ಟು 1,230. ನಿಯಮ ಕೊಡುವ 13 ಪಿಚರ್‌ಗಳ ಮಿತಿ ಅಲ್ಲಿಗೆ ಮುಗಿಯಿತು. ಇನ್ನೂ 220 ಬಾಕಿ. ಯಾರ ಮೊಣಕೈಯೂ ಕೆಡದಿದ್ದರೆ ಮಾತ್ರ ಈ ಲೆಕ್ಕ. ಹೆಚ್ಚು ಎಸೆಯುವವರನ್ನೇ ತರೋಣವೆಂದರೆ, 2024ರಲ್ಲಿ 30 ತಂಡಗಳನ್ನು ಸೇರಿಸಿದರೂ 200 ಇನಿಂಗ್ಸ್ ಮುಟ್ಟಿದವರು ನಾಲ್ವರೇ.

ಹಾಗಾಗಿ ಪಂದ್ಯಕ್ಕೆ ಇಳಿಯುವ 26 ಜನರ ಪಟ್ಟಿಗಿಂತ ಅದರ ಹಿಂದಿರುವ 40 ಜನರ ಪಟ್ಟಿಯೇ ನಿಜವಾದ ತಂಡ. ಉಳಿದ 14 ಮಂದಿಯಲ್ಲಿ ಬಹುತೇಕರು ಕೆಳಗಿನ ಟ್ರಿಪಲ್-ಎ, ಡಬಲ್-ಎ ಲೀಗ್‌ಗಳಲ್ಲಿ ಆಡುತ್ತಾ ಕರೆಗಾಗಿ ಕಾಯುತ್ತಿರುತ್ತಾರೆ.

ಒಂದು ಬೆಳಗ್ಗೆಯನ್ನು ಹತ್ತಿರದಿಂದ ನೋಡಿ. ಹಿಂದಿನ ರಾತ್ರಿ ಸ್ಟಾರ್ಟರ್ ಎರಡನೇ ಇನಿಂಗ್ಸ್‌ನಲ್ಲೇ ಮೊಣಕೈ ಹಿಡಿದು ಹೊರನಡೆದ. ಮಿಕ್ಕ ಏಳು ಇನಿಂಗ್ಸ್‌ಗೆ ಐವರು ರಿಲೀವರ್‌ಗಳು ಖರ್ಚಾದರು. ಅವನು 15 ದಿನಗಳ ಗಾಯಾಳು ಪಟ್ಟಿಗೆ ಹೋದ, 26ರಲ್ಲಿ ಜಾಗ ಖಾಲಿ. ಇವತ್ತೇ ನಾಲ್ಕೈದು ಇನಿಂಗ್ಸ್ ಎಸೆಯಬಲ್ಲವನು ಬೇಕು. ಟ್ರಿಪಲ್-ಎಯ ಉತ್ತಮ ಪಿಚರ್ ನಿನ್ನೆಯಷ್ಟೇ 90 ಚೆಂಡು ಎಸೆದಿದ್ದರೆ ಅವನಿದ್ದೂ ಇಲ್ಲದಂತೆ. ಜಾಣ ತಂಡಗಳು ಕೆಳಗಿನ ಸ್ಟಾರ್ಟರ್‌ಗಳ ಸರದಿಯನ್ನು ಮೇಲಿನವರ ಸರದಿಗೆ ಹೊಂದಿಸಿಡುವುದು ಇದಕ್ಕೇ. ಸಿಯಾಟಲ್ ತಂಡಕ್ಕೆ ಅದರ ಟ್ರಿಪಲ್-ಎ ತಂಡವಿರುವ ಟಕೋಮಾ ಪಕ್ಕದಲ್ಲೇ ಇದೆ, ಕಾರಿನಲ್ಲಿ ಬರಬಹುದು. ಎಲ್ಲ ತಂಡಗಳಿಗೂ ಆ ಭಾಗ್ಯವಿಲ್ಲ.

ಸಿಕ್ಕವನು 40ರ ಪಟ್ಟಿಯಲ್ಲಿ ಇಲ್ಲದಿದ್ದರೆ ಮತ್ತೊಂದು ತೊಡಕು. ಪಟ್ಟಿ ಭರ್ತಿಯಾಗಿದ್ದರೆ ಒಬ್ಬನನ್ನು ತೆಗೆಯಲೇಬೇಕು. ದೀರ್ಘ ಗಾಯದವನಿದ್ದರೆ 60 ದಿನಗಳ ಗಾಯಾಳು ಪಟ್ಟಿಗೆ ಕಳಿಸಿ ಜಾಗ ಬಿಡಿಸಬಹುದು. ಇಲ್ಲದಿದ್ದರೆ ಯಾರನ್ನಾದರೂ ಕೈಬಿಟ್ಟು, ಏಳು ದಿನಗಳೊಳಗೆ ಬೇರೆ ತಂಡಕ್ಕೆ ವರ್ಗಾಯಿಸಬೇಕು ಅಥವಾ ವೇವರ್ಸ್‌ಗೆ, ಅಂದರೆ ಬೇಕಾದ ತಂಡ ಎತ್ತಿಕೊಳ್ಳಲೆಂದು, ಇಡಬೇಕು. ಬೇರೆ ತಂಡ ಬಂದು ಎತ್ತಿಕೊಂಡರೆ ಹೋದ. ಫೆಬ್ರವರಿಯಲ್ಲೇ 40 ಜಾಗವನ್ನೂ ಅಲ್ಲಾಡಿಸಲಾಗದವರಿಂದ ತುಂಬಿಕೊಂಡ ತಂಡ ಮೇ ತಿಂಗಳಲ್ಲಿ ಹೀಗೆ ಒಳ್ಳೆಯವರನ್ನು ಕಳೆದುಕೊಳ್ಳುತ್ತದೆ.

ಬ್ಯಾಟಿಂಗ್ ಕಡೆಯೂ ಇದೇ ತರ್ಕ. ಕನಿಷ್ಠ ಸಂಬಳಕ್ಕೆ ಸುಲಭವಾಗಿ ಸಿಗುವವರನ್ನೇ ಕಲೆಹಾಕಿದ ತಂಡ 48 ಪಂದ್ಯಗಳಷ್ಟು ಗೆಲ್ಲುತ್ತದೆ ಎಂಬುದು ವಿಶ್ಲೇಷಕರು ಒಪ್ಪಿದ ಅಂದಾಜು. 90 ಗೆಲ್ಲಬೇಕೆಂದರೆ 42 ಕೂಡಿಸಬೇಕು. ತಲಾ ಆರು ಗೆಲುವು ತರುವ ಇಬ್ಬರು ತಾರೆಗಳಿದ್ದರೂ 30 ಬಾಕಿ. ಮೈಕ್ ಟ್ರೌಟ್, ಶೋಹೇ ಒಹ್ತಾನಿ ಇಬ್ಬರೂ 2018ರಿಂದ 2023ರವರೆಗೆ ಏಂಜಲ್ಸ್ ತಂಡದಲ್ಲಿ ಜೊತೆಗಿದ್ದರು. ಆ ಆರು ಸೀಸನ್‌ಗಳಲ್ಲಿ ಒಮ್ಮೆಯೂ ತಂಡದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಸೊನ್ನೆ ತರುವವನ ಜಾಗದಲ್ಲಿ ಎರಡು ತರುವವನನ್ನು ಕೂರಿಸುವುದು, ನಾಲ್ಕು ತರುವವನನ್ನು ಬದಲಿಸಿ ಆರು ತರುವವನನ್ನು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ತೂತು ಕ್ಯಾಚರ್, ಶಾರ್ಟ್‌ಸ್ಟಾಪ್ ಅಥವಾ ಸೆಂಟರ್‌ಫೀಲ್ಡ್ ಎಂಬ ಕಷ್ಟದ ಫೀಲ್ಡಿಂಗ್ ಸ್ಥಾನಗಳಲ್ಲಿದ್ದರೆ ಮೊದಲು ಅದನ್ನೇ ಮುಚ್ಚಬೇಕು. ಅಲ್ಲಿ ಆಡಬಲ್ಲವನನ್ನು ಬೇರೆ ಕಡೆಗೆ ಸರಿಸಬಹುದು. ಫಸ್ಟ್‌ಬೇಸ್‌ನವನನ್ನು ಶಾರ್ಟ್‌ಸ್ಟಾಪ್‌ಗೆ ತರಲಾಗದು.

ಎಲ್ಲಕ್ಕಿಂತ ಕಷ್ಟದ ತೀರ್ಮಾನ 13ನೇ ಪಿಚರ್‌ನದ್ದು. ಸೀಸನ್‌ಗೆ ಮುಂಚಿನ ತರಬೇತಿಯಾದ ಸ್ಪ್ರಿಂಗ್ ಟ್ರೈನಿಂಗ್‌ನ ಕೊನೆಗೆ ಇಬ್ಬರು ಉಳಿದಿದ್ದಾರೆ ಎನ್ನಿ. ಒಬ್ಬ ತುಸು ಹೆಚ್ಚು ಸಮರ್ಥ, ಆದರೆ ಅವನ ಆಪ್ಷನ್, ಅಂದರೆ ವೇವರ್ಸ್ ಇಲ್ಲದೆ ಕೆಳಗೆ ಕಳಿಸುವ ಅವಕಾಶ, ಮುಗಿದಿದೆ. ಕೆಳಗಿಳಿಸಬೇಕೆಂದರೆ ವೇವರ್ಸ್ ದಾಟಬೇಕು. ಇನ್ನೊಬ್ಬನಿಗೆ ಆಪ್ಷನ್ ಇದೆ. ಮೂರು ಸೀಸನ್‌ಗಳ ಮಟ್ಟಿಗೆ ಅವನನ್ನು ಕೆಳಗೆ ಕಳಿಸಿ ಕರೆಸುತ್ತಿರಬಹುದು. ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್‌ಗೆ ಬೇಕಾದದ್ದು ಮೊದಲನೆಯವನು. ಆದರೂ ಎರಡನೆಯವನನ್ನೇ ಇಟ್ಟುಕೊಂಡು, ಮೊದಲನೆಯವನಿಗೆ ವರ್ಗಾವಣೆ ಹುಡುಕುವುದು ಎಷ್ಟೋ ಸಲ ಸರಿ. ಬೆಳಗ್ಗೆ ಹೊಸ ಕೈ ಬೇಕಾದಾಗ ಜಾಗ ಬಿಡಿಸಿಕೊಡುವವನು ಇವನೇ.

ಅದರ ಬೆಲೆ ತೆರುವವನೂ ಇವನೇ. ನಿನ್ನೆ ಮೂರು ಇನಿಂಗ್ಸ್ ಎಸೆದು ತಂಡವನ್ನು ಉಳಿಸಿದ್ದಕ್ಕೇ ಇವತ್ತು ಅವನಿಗೆ ಕೆಳಗಿನ ಲೀಗ್‌ಗೆ ಟಿಕೆಟ್. ಗಾಯಾಳುವಿನ ಬದಲಿಗೆ ಕರೆಯದ ಹೊರತು 15 ದಿನ ಮೇಲೆ ಬರುವಂತಿಲ್ಲ. 172 ದಿನ ಮೇಲಿದ್ದರೆ ಒಂದು ವರ್ಷದ ಸೇವೆ, ಮೂರು ವರ್ಷವಾದರೆ ಸಂಬಳದ ಪಂಚಾಯ್ತಿಗೆ ಅರ್ಹತೆ, ಆರಾದರೆ ಬೇಕಾದ ತಂಡ ಸೇರುವ ಸ್ವಾತಂತ್ರ್ಯ. ಕೆಳಗೆ ಕಳೆದ ದಿನಗಳು ಸಾಮಾನ್ಯವಾಗಿ ಆ ಲೆಕ್ಕಕ್ಕಿಲ್ಲ. 2022ರಿಂದ ಒಬ್ಬನನ್ನು ಸೀಸನ್‌ಗೆ ಐದಕ್ಕಿಂತ ಹೆಚ್ಚು ಸಲ ಹೀಗೆ ಕಳಿಸುವಂತಿಲ್ಲ. ಈ ಮಿತಿ ಇನ್ನೂ ಬೇಗ ಬರಬೇಕಿತ್ತು.