ಮರ ಕಡಿದರೆ ಕಾಫಿ ಜಾಸ್ತಿ ಬರುತ್ತಾ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆಯವರದ್ದೇ ಸಣ್ಣ ಕಾಫಿ ತೋಟ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಬ್ರೆಜಿಲ್‌ನಲ್ಲಿ ಬಯಲಲ್ಲೇ ಬೆಳೆಯುತ್ತಾರಂತೆ. ನಾವು ಯಾಕೆ ಇಷ್ಟೊಂದು ಮರ ಇಟ್ಟುಕೊಳ್ಳಬೇಕು? ಕಡಿದರೆ ಫಸಲು ಜಾಸ್ತಿ ಬರಲ್ವಾ?

ಬರುತ್ತದೆ, ಒಂದೆರಡು ವರ್ಷ. ಬಿಸಿಲು ಬಿದ್ದ ಗಿಡ ಮೈತುಂಬ ಕಾಯಿ ಕಟ್ಟುತ್ತದೆ. ಆದರೆ ಅಷ್ಟು ಕಾಯಿ ಸಾಕುವಷ್ಟು ಎಲೆ ಅದರಲ್ಲಿ ಇರುವುದಿಲ್ಲ. ನೀರು, ಗೊಬ್ಬರ ಧಾರಾಳವಾಗಿ ಕೊಡದಿದ್ದರೆ ರೆಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಮರುವರ್ಷ ಆ ಗಿಡದಲ್ಲಿ ಕೊಯ್ಯೋಕೆ ಏನಿರುತ್ತೆ?

ಬ್ರೆಜಿಲ್ ಲೆಕ್ಕ ಇಲ್ಲಿ ನಡೆಯೋದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಡಿಸೆಂಬರ್ ದಾಟಿದರೆ, ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗೆ ಆಕಾಶ ನೋಡುತ್ತಾ ಕೂರಬೇಕು. ತೋಟವೋ ಇಳಿಜಾರಲ್ಲಿ. ಕಾಫಿಯ ಸಣ್ಣ ಬೇರುಗಳೆಲ್ಲ ಮೇಲ್ಮಣ್ಣಲ್ಲೇ ಇರುವುದು. ಮಳೆಗಾಲದಲ್ಲಿ ಆ ಮಣ್ಣು ಕೊಚ್ಚಿಹೋಗದಂತೆ, ಬೇಸಿಗೆಯಲ್ಲಿ ಕಾಯದಂತೆ ನೋಡಿಕೊಳ್ಳುವುದು ಮರ ಮತ್ತು ಅದರ ತರಗೆಲೆ.

ಅರೇಬಿಕಾಗೆ ಇನ್ನೊಂದು ಕಂಟಕ ಇದೆ, ಬಿಳಿ ಕಾಂಡಕೊರಕ. ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಇದರ ದುಂಬಿ ಹಾರುತ್ತದೆ. ಬಿಸಿಲು ಬೀಳುವ ಕಾಂಡ ಹುಡುಕಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ. ಕಾಂಡದ ಮೇಲೆ ಉಂಗುರದಂತೆ ಉಬ್ಬಿದ ಗೆರೆ ಕಂಡರೆ ಹುಳು ಒಳಗಿದೆ ಅಂತಲೇ ಅರ್ಥ. ಆಮೇಲೆ ಗಿಡ ಕಿತ್ತು ಸುಡುವುದೊಂದೇ ದಾರಿ. ಹಾಗಾಗಿ ಅರೇಬಿಕಾ ಇರುವ ಅರ್ಧದಲ್ಲಿ ಮರಕ್ಕೆ ಕೊಡಲಿ ಹಾಕುವ ಯೋಚನೆಯನ್ನೇ ಬಿಡಿ. ರೋಬಸ್ಟಾ ಇದಕ್ಕಿಂತ ಜಾಸ್ತಿ ಬಿಸಿಲು ತಡೆಯುತ್ತದೆ.

ಹಾಗಂತ ಕತ್ತಲೆ ಕವಿದ ತೋಟವೂ ಒಳ್ಳೆಯದಲ್ಲ. ಗಿಡ ಸುಮ್ನೆ ಉದ್ದ ಬೆಳೆಯುತ್ತದೆ, ಕಾಯಿ ಬಿಡೋದಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಕಪ್ಪಾದ ಎಲೆ ನೆಲಕ್ಕೂ ಬೀಳದೆ, ಬೂಸ್ಟಿನ ನೂಲಿಗೆ ಸಿಕ್ಕಿಕೊಂಡು ನೇತಾಡುತ್ತಿರುತ್ತದೆ.

ನಿಮಗೆ ಬೇಕಿರುವುದು ಮರಗಸಿ, ಅಂದರೆ ಮರ ಉಳಿಸಿಕೊಂಡು ಕೊಂಬೆ ಮಾತ್ರ ಸವರುವುದು. ಹೂಮಳೆ ಮುಗಿದ ಮೇಲೆ, ಮಳೆಗಾಲ ಹಿಡಿಯುವ ಮೊದಲು ನೆರಳಿಗೆ ನೆಟ್ಟ ಹಾಲುವಾಣ ಮರದ ಕೊಂಬೆ ಸವರಿಸಿ. ದೊಡ್ಡ ಮರಗಳ ಕೆಳಗಿನ ಕೊಂಬೆಗಳನ್ನು ತೆಗೆಸಿ. ಗಾಳಿ ಬೆಳಕು ಆಡಬೇಕು. ಹಾಲುವಾಣ ಬೇಗ ಚಿಗುರುತ್ತದೆ, ಬೇಸಿಗೆ ಹೊತ್ತಿಗೆ ನೆರಳು ಮತ್ತೆ ಸಿಗುತ್ತದೆ. ಕಡಿದ ಸೊಪ್ಪು ಅಲ್ಲೇ ಬಿದ್ದು ಗೊಬ್ಬರವಾಗಲಿ. ಎಷ್ಟು ತೆಗೆಯಬೇಕು ಅಂತ ಕೇಳುತ್ತೀರಿ ಅಲ್ವಾ? ನಡುಮಧ್ಯಾಹ್ನ ಗಿಡಗಳ ನಡುವೆ ನಿಂತು ನೆಲ ನೋಡಿ. ಬಿಸಿಲು ಚೂರುಚೂರಾಗಿ ಎಲ್ಲ ಕಡೆ ಬೀಳುತ್ತಿದ್ದರೆ ಸಾಕು. ಕರೆಂಟ್ ತಂತಿ ಹತ್ತಿರ ಮಾತ್ರ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಅದು ತಂತಿಗೆ ತಾಗಿ ಕೊಡಗಿನಲ್ಲಿ ಎಷ್ಟೋ ಜೀವ ಹೋಗಿವೆ.

ಖರ್ಚಿನ ಲೆಕ್ಕದಲ್ಲೂ ಮರ ದಂಡವಲ್ಲ. ಕಾಫಿ ರೇಟ್ ಬಿದ್ದ ವರ್ಷ ಮನೆ ನಡೆಸುವುದು ಅದೇ ಮರಕ್ಕೆ ಹಬ್ಬಿಸಿದ ಕರಿಮೆಣಸು. ಹಲಸು ಮಾತ್ರ ಸ್ವಲ್ಪ ತಲೆನೋವು. ಹಣ್ಣಿನ ವಾಸನೆಗೆ ಆನೆ ಬರುತ್ತದೆ. ಮರ ಕಡಿಯುವ ಬದಲು ಕಾಯಿ ಎಳೆಯದಾಗಿರುವಾಗಲೇ ಇಳಿಸಿಬಿಡಿ.

ತೆಗೆಯಲೇಬೇಕು ಅನ್ನಿಸಿದರೆ ರೋಬಸ್ಟಾ ಕಡೆ ಒತ್ತೊತ್ತಾಗಿ ನಿಂತ, ಮೆಣಸಿನ ಬಳ್ಳಿ ಇಲ್ಲದ ಸಿಲ್ವರ್ ಓಕ್‌ನಿಂದ ಶುರು ಮಾಡಿ. ಅತ್ತಿ, ಬಸರಿ, ನಂದಿಯಂಥ ಮರಗಳನ್ನು ಉಳಿಸಿಕೊಳ್ಳಿ. ಬೀಟೆ, ಹೊನ್ನೆ ಮುಟ್ಟುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಜಮೀನಿನ ಕಾಗದವನ್ನೂ ಜೊತೆಗೆ ಒಯ್ಯಿರಿ. ಕೊಡಗಿನಲ್ಲಿ ಮರದ ಹಕ್ಕು ಯಾರದ್ದು ಅನ್ನೋದು ಜಮ್ಮಾ, ಬಾಣೆ ಅಂತ ಜಮೀನಿನ ಬಗೆ ನೋಡಿ ಬದಲಾಗುತ್ತದೆ. ನೆರಳಿನ ವಿಷಯಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ನಿಮಗೆ ಹತ್ತಿರವೇ ಇದೆ.