ನೊಬಿಲ್ಮೆಂಟೆ: ಎಲ್ಗರ್ ಮೆಚ್ಚಿದ ಒಂದು ಸೂಚನೆ

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ವಾದಕರಿಗೆ ಇಟಾಲಿಯನ್ ಪದಗಳಲ್ಲಿ ಸೂಚನೆ ಕೊಡುವುದು ಹಳೆಯ ರೂಢಿ. ‘ಅಡಾಜಿಯೊ’, ‘ಅಲೆಗ್ರೊ’ ಮುಂತಾದವು ಬಹುಮಟ್ಟಿಗೆ ನಮ್ಮ ವಿಳಂಬ, ದ್ರುತಗಳಂತೆ ವೇಗವನ್ನು ತಿಳಿಸಿದರೆ, ‘ನೊಬಿಲ್ಮೆಂಟೆ’ ನುಡಿಸುವ ಭಾವವನ್ನು ತಿಳಿಸುತ್ತದೆ. ‘ಉದಾತ್ತವಾಗಿ’ ಎಂಬುದು ಅದರ ನೇರ ಅರ್ಥ. ವೇದಪಾಠದ ಉದಾತ್ತ ಸ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನ ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ (1857–1934) ಈ ಪದವನ್ನು ಸೃಷ್ಟಿಸಿದವರಲ್ಲ, ಆದರೂ ಇಂದು ಇದರೊಡನೆ ನೆನಪಾಗುವುದು ಅವರ ಹೆಸರೇ.

1901ರಲ್ಲಿ ಮೊದಲು ಕೇಳಿಬಂದ ಅವರ ‘ಪಾಂಪ್ ಅಂಡ್ ಸರ್ಕಂಸ್ಟನ್ಸ್’ ಮೆರವಣಿಗೆ ಸಂಗೀತ ಎಷ್ಟು ಜನಪ್ರಿಯವಾಯಿತೆಂದರೆ, ಎಲ್ಗರ್ ಎಂದೊಡನೆ ಸಾಮ್ರಾಜ್ಯದ ಆಡಂಬರವೇ ಹಲವರ ಕಣ್ಣಮುಂದೆ ಬರುತ್ತದೆ, ನೊಬಿಲ್ಮೆಂಟೆಗೂ ಅದೇ ಬಣ್ಣ ಹತ್ತಿಬಿಡುತ್ತದೆ. ಅವರ ಮೊದಲನೆಯ ಸಿಂಫನಿಯನ್ನು (ಇಡೀ ವಾದ್ಯವೃಂದಕ್ಕಾಗಿ ರಚಿಸಿದ ದೀರ್ಘ ಕೃತಿ) ಕೇಳಿದರೆ ಈ ತಪ್ಪು ತಿಳಿವಳಿಕೆ ದೂರವಾಗುತ್ತದೆ. 1908ರ ಡಿಸೆಂಬರ್ 3ರಂದು ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರಿಕ್ಟರ್ ನಿರ್ದೇಶನದಲ್ಲಿ ಹ್ಯಾಲೆ ವಾದ್ಯವೃಂದ ಮೊದಲ ಬಾರಿಗೆ ನುಡಿಸಿದ ಈ ಕೃತಿಯ ಆರಂಭದಲ್ಲಿರುವ ಸೂಚನೆ ‘ನೊಬಿಲ್ಮೆಂಟೆ ಎ ಸೆಂಪ್ಲೀಚೆ’, ಅಂದರೆ ಉದಾತ್ತವಾಗಿ ಮತ್ತು ಸರಳವಾಗಿ. ಟಿಂಪನಿ ಎಂಬ ದೊಡ್ಡ ನಗಾರಿಯ ಮೆಲ್ಲನೆಯ ಮೊರೆತದ ಬೆನ್ನಿಗೆ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳೂ ಊದುವಾದ್ಯಗಳೂ ಒಂದು ನೀಳವಾದ ರಾಗವನ್ನು ತಗ್ಗಿದ ದನಿಯಲ್ಲಿ ನುಡಿಸುತ್ತವೆ. ಕೆಳಗೆ ಮಂದ್ರದ ತಂತಿವಾದ್ಯಗಳು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಸಾಗುತ್ತವೆ. ಇಡೀ ವೃಂದ ಅದನ್ನು ಎತ್ತಿಕೊಳ್ಳುವುದು ಆಮೇಲೆ. ಹೀಗಾಗಿ ಕನ್ನಡದಲ್ಲಿ ಇದನ್ನು ‘ಗತ್ತು’ ಎನ್ನಲಾಗದು, ‘ಠೀವಿ’ ಎಂದರೂ ತುಸು ಹೆಚ್ಚೇ ಆಗುತ್ತದೆ. ‘ಘನತೆ’ ಎಂಬ ಪದವೇ ನನಗೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಘನತೆಗೆ ನೋಡುವವರು ಬೇಕಿಲ್ಲ. ಮುಂದೆ ಕ್ಷೋಭೆಯಿಂದ ಕೂಡಿದ ಭಾಗಗಳನ್ನು ಹಾದು, ಸುಮಾರು 50 ನಿಮಿಷಗಳ ಕೃತಿಯ ಕೊನೆಯಲ್ಲಿ ಅದೇ ರಾಗ ಪೂರ್ಣ ವೈಭವದಿಂದ ಮರಳುತ್ತದೆ.

ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಅವರ ಚೆಲ್ಲೊ ಕನ್ಚೆರ್ಟೊ, ಅಂದರೆ ಪಿಟೀಲಿನ ಜಾತಿಯ ದೊಡ್ಡ ಮಂದ್ರವಾದ್ಯ ಚೆಲ್ಲೊ ಮುಖ್ಯವಾಗಿ, ವೃಂದ ಅದರ ಜೊತೆಯಾಗಿ ನುಡಿಸುವ ಕೃತಿ, ಮೊದಲು ಕೇಳಿಬಂತು. ಅಭ್ಯಾಸಕ್ಕೆ ಸಾಕಷ್ಟು ಸಮಯ ಸಿಗದೆ ಆ ಕಛೇರಿ ಕಳೆಗುಂದಿತ್ತೆಂಬುದು ಸಂಗೀತಲೋಕಕ್ಕೆ ತಿಳಿದ ಮಾತೇ. ಅಲ್ಲಿಯೂ ಮೊದಲ ಸ್ವರಗುಚ್ಛಗಳ ಬಳಿ ನೊಬಿಲ್ಮೆಂಟೆ ಎಂದೇ ಬರೆದಿದೆ. ಆದರೆ ಈಗ ಅದನ್ನು ಹೊತ್ತಿರುವುದು ವೃಂದವಲ್ಲ, ಒಂಟಿ ಚೆಲ್ಲೊ. ಗಟ್ಟಿಯಾಗಿ ಎದ್ದ ಅದರ ದನಿ ಕೆಲವೇ ಕ್ಷಣಗಳಲ್ಲಿ ಕುಗ್ಗಿಹೋಗುತ್ತದೆ.