ರೋಗದ ಮ್ಯಾಪಿನಲ್ಲಿ ಬಣ್ಣದ ಕೆಳಗಿರುವ ಲೆಕ್ಕ

ಆರೋಗ್ಯ ಸಂಶೋಧನೆಗೆ ಮ್ಯಾಪ್ ಬಳಸಲು ಕಲಿಯುವ ನಮ್ಮಂಥವರು ಸಾಮಾನ್ಯವಾಗಿ ಸಾಫ್ಟ್‌ವೇರ್‌ನಿಂದ ಶುರು ಮಾಡುತ್ತೇವೆ. ಕ್ಯುಜಿಐಎಸ್ ಎಂಬ ಮ್ಯಾಪ್ ಸಾಫ್ಟ್‌ವೇರ್ ತೆರೆದು, ಗಡಿಗಳನ್ನು ಹಾಕಿ, ಕೇಸುಗಳಿಗೆ ಬಣ್ಣ ಕೊಟ್ಟರೆ ಬೇಗನೆ ಒಂದು ಚೆಂದದ ಮ್ಯಾಪ್ ಸಿಗುತ್ತದೆ. ಆದರೆ ಅದನ್ನು ನಂಬುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಬಣ್ಣದ ಕೆಳಗೆ ಎಷ್ಟು ಜನ ಇದ್ದಾರೆ?

ಕೇಸುಗಳ ಸಂಖ್ಯೆಗೇ ಬಣ್ಣ ಕೊಟ್ಟರೆ ಕಾಣುವುದು ಹೆಚ್ಚುಕಡಿಮೆ ಜನಸಂಖ್ಯೆಯ ಮ್ಯಾಪ್. ದೊಡ್ಡ ನಗರ ಯಾವಾಗಲೂ ಕಡುಗೆಂಪು. ಅದಕ್ಕೇ ಲಕ್ಷ ಜನಕ್ಕೆ ಎಷ್ಟು ಎಂಬ ದರ ಬೇಕು. ವಯಸ್ಸಾದವರು ಜಾಸ್ತಿ ಇರುವ ಕಡೆ ಹೃದ್ರೋಗವೂ ಜಾಸ್ತಿ, ಹಾಗಾಗಿ ವಯಸ್ಸಿನ ವ್ಯತ್ಯಾಸವನ್ನೂ ಸರಿದೂಗಿಸಬೇಕು. ಇಷ್ಟು ಹೆಚ್ಚಿನವರಿಗೆ ಗೊತ್ತಿರುತ್ತದೆ.

ದರ ಹಾಕಿದ ಮೇಲೂ ಒಂದು ತೊಂದರೆ ಉಳಿಯುತ್ತದೆ. 200 ಜನರ ಒಂದು ಹಳ್ಳಿ ಇದೆ ಅಂದುಕೊಳ್ಳಿ. ಅಲ್ಲಿ ಒಬ್ಬರಿಗೆ ರೋಗ ಬಂತು. ದರ ಲಕ್ಷಕ್ಕೆ 500. ಪಕ್ಕದಲ್ಲಿ 2 ಲಕ್ಷ ಜನರ ಪಟ್ಟಣ, ಅಲ್ಲಿ 100 ಕೇಸು. ದರ ಲಕ್ಷಕ್ಕೆ 50. ಮ್ಯಾಪಿನಲ್ಲಿ ಹಳ್ಳಿ ಹತ್ತು ಪಟ್ಟು ಕೆಟ್ಟದಾಗಿ ಕಾಣುತ್ತದೆ. ಮುಂದಿನ ವರ್ಷ ಹಳ್ಳಿಯಲ್ಲಿ ಯಾರಿಗೂ ಬರಲಿಲ್ಲ. ದರ ಸೊನ್ನೆ, ಈಗ ಅದೇ ಎಲ್ಲಕ್ಕಿಂತ ಸುರಕ್ಷಿತ ಜಾಗ! ಅಪಾಯ ಮಾತ್ರ ಎರಡೂ ವರ್ಷ ಒಂದೇ ಇದ್ದಿರಬಹುದು. ಅಂದರೆ ಮ್ಯಾಪಿನಲ್ಲಿ ಅತಿ ಗಾಢ ಬಣ್ಣವೂ ಅತಿ ತಿಳಿ ಬಣ್ಣವೂ ಕಡಿಮೆ ಜನ ಇರುವ ಕಡೆಯೇ ಬೀಳುವ ಸಾಧ್ಯತೆ ಜಾಸ್ತಿ. ಇಂಥ ಜಾಗಗಳು ವಿಸ್ತೀರ್ಣದಲ್ಲಿ ದೊಡ್ಡವಾಗಿದ್ದರಂತೂ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಇದಕ್ಕೆ ಬಳಸುವ ಒಂದು ಉಪಾಯ ಎಂಪಿರಿಕಲ್ ಬೇಯ್ಸ್ ಸ್ಮೂತಿಂಗ್. ಹೆಸರು ಭಾರ, ಯೋಚನೆ ಸರಳ. ಕಡಿಮೆ ಜನ ಇರುವ ಜಾಗದ ದರವನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತದೆ. ಜನ ಜಾಸ್ತಿ ಇರುವ ಕಡೆಯ ದರವನ್ನು ಬಹುತೇಕ ಹಾಗೇ ಬಿಡುತ್ತದೆ. ಉಚಿತವಾಗಿ ಸಿಗುವ ಜಿಯೋಡಾ ಸಾಫ್ಟ್‌ವೇರ್‌ನಲ್ಲಿ ಇದನ್ನು ಮೆನುವಿನಿಂದಲೇ ಮಾಡಬಹುದು. ಮೂಲ ದರದ ಮ್ಯಾಪ್ ಮತ್ತು ಸ್ಮೂತ್ ಮಾಡಿದ ಮ್ಯಾಪ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವ ಕೆಂಪು ಉಳಿಯಿತು, ಯಾವುದು ಕರಗಿತು ಎಂಬುದರಲ್ಲೇ ಅರ್ಧ ಪಾಠ ಇದೆ.

ನಡುವೆ ಒಂದು ಚಿಕ್ಕ ಎಚ್ಚರಿಕೆ. ಜಿಪಿಎಸ್ ಕೊಡುವುದು ಅಕ್ಷಾಂಶ ರೇಖಾಂಶ, ಅಂದರೆ ಡಿಗ್ರಿ. ಸಮಭಾಜಕದ ಹತ್ತಿರ ರೇಖಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ದೂರ ಅಳೆಯುವ ಮೊದಲು ಯುಟಿಎಂನಂಥ ಮೀಟರ್ ಲೆಕ್ಕದ ವ್ಯವಸ್ಥೆಗೆ ಬದಲಾಯಿಸಿಕೊಳ್ಳಿ.

ಈಗ ಕ್ಲಸ್ಟರ್, ಅಂದರೆ ಗುಂಪಿನ ವಿಷಯ. ಕೆಂಪು ಜಾಗಗಳು ಒಟ್ಟಿಗೆ ಕಂಡರೆ ಅದು ನಿಜವಾದ ಗುಂಪೋ, ಸುಮ್ನೆ ಆಕಸ್ಮಿಕವೋ? ಕಣ್ಣಿಗೆ ಹೇಳಲಾಗುವುದಿಲ್ಲ. ಅಕ್ಕಪಕ್ಕದ ಜಾಗಗಳ ದರಗಳು ಎಷ್ಟು ಹೋಲುತ್ತವೆ ಎಂದು ಇಡೀ ಮ್ಯಾಪಿಗೆ ಒಂದೇ ಸಂಖ್ಯೆಯಲ್ಲಿ ಹೇಳುವುದು ಮೊರಾನ್ಸ್ ಐ ಎಂಬ ಅಳತೆ. ಆದರೆ ಗುಂಪು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಅದಕ್ಕಾಗಿ ಲೂಕ್ ಆನ್ಸೆಲಿನ್ 1995ರಲ್ಲಿ ಸ್ಥಳೀಯ ಅಳತೆ ಕೊಟ್ಟರು, ಅದೇ ಲಿಸಾ. ಇಲ್ಲಿ ಒಂದು ಅಪಾಯ ಇದೆ. 200 ಜಾಗಗಳನ್ನು 0.05 ಮಟ್ಟದಲ್ಲಿ (ಅಂದರೆ ಆಕಸ್ಮಿಕವನ್ನೇ ನಿಜವೆಂದು ತಿಳಿಯುವ ಸಾಧ್ಯತೆ ನೂರಕ್ಕೆ 5) ಒಂದೊಂದಾಗಿ ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಸುಮಾರು 10 ಜಾಗ ಕ್ಲಸ್ಟರ್ ಎಂದು ಬರಬಹುದು. ಮಾರ್ಟಿನ್ ಕುಲ್‌ಡಾರ್ಫ್ 1997ರಲ್ಲಿ ವಿವರಿಸಿದ ಸ್ಕ್ಯಾನ್ ವಿಧಾನ ಈ ಕಾರಣಕ್ಕೆ ನನಗೆ ಇಷ್ಟ. ಬೇರೆಬೇರೆ ಗಾತ್ರದ ವೃತ್ತಗಳನ್ನು ಮ್ಯಾಪಿನ ಮೇಲೆಲ್ಲ ಸರಿಸಿ, ಒಳಗಿನ ದರವನ್ನು ಹೊರಗಿನದಕ್ಕೆ ಹೋಲಿಸಿ, ಅತಿ ಬಲವಾದ ವೃತ್ತವನ್ನು ಅದು ಹುಡುಕುತ್ತದೆ. ಎಷ್ಟೋ ವೃತ್ತಗಳನ್ನು ನೋಡಿದೆವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಗಡಿಗಳನ್ನೂ ಅನುಮಾನದಿಂದ ನೋಡಬೇಕು. ಅದೇ ಕೇಸುಗಳನ್ನು ಬೇರೆ ಗಡಿಗಳೊಳಗೆ ಎಣಿಸಿದರೆ ಬೇರೆಯೇ ಚಿತ್ರ ಬರುತ್ತದೆ. ಪ್ರದೇಶದ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸುವುದು ಇನ್ನೂ ದೊಡ್ಡ ತಪ್ಪು. ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಇದನ್ನು ಅಮೆರಿಕದ 1930ರ ಜನಗಣತಿಯಿಂದ ತೋರಿಸಿದರು. ವಿದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಆದರೆ ಒಬ್ಬೊಬ್ಬರನ್ನೇ ನೋಡಿದಾಗ, ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ! ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲೇ ಅವರು ಹೆಚ್ಚಾಗಿ ನೆಲೆಸಿದ್ದರು, ಅಷ್ಟೇ.

ಹಾಗಾದರೆ ಮ್ಯಾಪಿನಿಂದ ಕಾರಣದ ಕಡೆಗೆ ಹೋಗುವುದು ಹೇಗೆ? ಇಂಗ್ಲೆಂಡಿನ ವೈದ್ಯ ಜಾನ್ ಸ್ನೋ ಅವರ ಕೆಲಸ ಇದಕ್ಕೆ ಈಗಲೂ ಒಳ್ಳೆಯ ಉದಾಹರಣೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಸಾವುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಸೇರಿದ್ದವು. ಅಷ್ಟೇ ಆಗಿದ್ದರೆ ಕೆಟ್ಟ ಗಾಳಿಯೇ ಕಾರಣ ಎನ್ನುವವರೂ ಅದೇ ಮ್ಯಾಪ್ ತೋರಿಸಬಹುದಿತ್ತು, ಅಲ್ವಾ? ಪಂಪಿನ ನೀರೇ ಕಾರಣ ಎಂದು ಅನುಮಾನಿಸಿದ್ದ ಸ್ನೋ, ಈ ಚಿತ್ರಕ್ಕೆ ಹೊಂದಿಕೆಯಾಗದ ಕಡೆಗಳನ್ನು ಹುಡುಕಿಕೊಂಡು ಹೋದರು. ಹತ್ತಿರದ ವರ್ಕ್‌ಹೌಸಿನ (ಬಡವರನ್ನು ಇರಿಸಿ ಕೆಲಸ ಮಾಡಿಸುತ್ತಿದ್ದ ಆಶ್ರಯ) 535 ಜನರಲ್ಲಿ ಕಾಲರಾದಿಂದ ಸತ್ತವರು 5 ಮಂದಿ ಮಾತ್ರ. ಅಲ್ಲಿ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಮಹಿಳೆ ಸತ್ತರು. ಅವರು ರುಚಿಗಾಗಿ ಇದೇ ಪಂಪಿನ ನೀರು ತರಿಸಿಕೊಳ್ಳುತ್ತಿದ್ದರು. ಹತ್ತಿರವಿದ್ದೂ ಬದುಕಿದವರು, ದೂರವಿದ್ದೂ ಸತ್ತವರು: ಗಾಳಿಯ ವಾದಕ್ಕೆ ಇವರನ್ನು ವಿವರಿಸುವುದು ಕಷ್ಟ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆದರು. ಆ ಹೊತ್ತಿಗೆ ರೋಗ ಆಗಲೇ ಇಳಿಯುತ್ತಿತ್ತು ಎಂಬುದನ್ನು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ.

ಮುಂದೆ ಅವರು ಮ್ಯಾಪಿನಲ್ಲಿ ಒಂದು ಗೆರೆಯನ್ನೂ ಸೇರಿಸಿದರು. ಬ್ರಾಡ್ ಸ್ಟ್ರೀಟ್ ಪಂಪಿಗೂ ಸುತ್ತಲಿನ ಬೇರೆ ಪಂಪುಗಳಿಗೂ ರಸ್ತೆಯಲ್ಲಿ ನಡೆಯುವ ದೂರ ಸಮವಾಗಿರುವ ಬಿಂದುಗಳನ್ನು ಅದು ಜೋಡಿಸುತ್ತದೆ. ನೇರ ದೂರವಲ್ಲ, ನಡೆಯುವ ದೂರ. ಇವತ್ತು ಆಸ್ಪತ್ರೆಗೆ ತಲುಪುವ ಸಮಯವನ್ನು ಲೆಕ್ಕ ಹಾಕುವವರಿಗೂ ಈ ವ್ಯತ್ಯಾಸ ಮುಖ್ಯ. ನಡುವೆ ನದಿಯೋ ಬೆಟ್ಟವೋ ಇದ್ದರೆ 5 ಕಿಲೋಮೀಟರಿನ ವೃತ್ತ ಎಳೆದು ಪ್ರಯೋಜನವಿಲ್ಲ.

ಅಭ್ಯಾಸಕ್ಕೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಿಸ್ಟ್‌ಡೇಟಾ ಪ್ಯಾಕೇಜಿನಲ್ಲಿ ಸ್ನೋ ಮ್ಯಾಪಿನ ಸಾವುಗಳು, 13 ಪಂಪುಗಳು ಮತ್ತು ಬೀದಿಗಳ ದತ್ತಾಂಶ ಇದೆ. ಮೊದಲು ನೇರ ದೂರದಿಂದ ಪ್ರತಿ ಸಾವನ್ನೂ ಹತ್ತಿರದ ಪಂಪಿಗೆ ಸೇರಿಸಿ. ಆಮೇಲೆ ಬೀದಿಗಳ ಮೇಲೆ ಅಳೆದು ಮತ್ತೆ ಸೇರಿಸಿ. ಯಾವ ಮನೆಗಳು ಪಂಪ್ ಬದಲಾಯಿಸಿದವು ಎಂದು ಗುರುತು ಹಾಕಿಕೊಳ್ಳಿ.